‘ಇನ್‌ಆ್ಯಡಿಕ್ವೆಟ್’ ಎಲ್ಲಿ, ‘ಇನ್‌ಸಫಿಶಿಯೆಂಟ್’ ಎಲ್ಲಿ?

ಕರಡುತಿದ್ದು (ಪ್ರಶ್ನೆ):

ಇಂಗ್ಲಿಷ್ ವರದಿಗಳ ಕರಡು ತಿದ್ದುವಾಗ ಒಂದು ಪದ ಪದೇ ಪದೇ ಕೈ ತಡೆಯುತ್ತದೆ: ‘ಇನ್‌ಅಡಿಕ್ವೇಟ್’. ನಿಘಂಟು ತೆರೆದರೆ ‘ಸಾಲದ, ಅಸಮರ್ಪಕ, ಅಪರ್ಯಾಪ್ತ’. ‘ಇನ್‌ಸಫಿಶಿಯೆಂಟ್’ ತೆರೆದರೂ ಹೆಚ್ಚುಕಡಿಮೆ ಇವೇ. ಹಾಗಾದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಬಹುದೇ? ಈ ನಾಲ್ಕು ವಾಕ್ಯ ನೋಡಿ ಹೇಳಿ:

1. ದ ಲೈಟಿಂಗ್ ಇನ್ ದ ಸ್ಟೋರ್‌ರೂಮ್ ಈಸ್ ಇನ್‌ಸಫಿಶಿಯೆಂಟ್.
2. ದಿಸ್ ಟ್ರೇನಿಂಗ್ ಈಸ್ ಇನ್‌ಅಡಿಕ್ವೇಟ್ ಟು ಮಿ.
3. ವಿ ಹ್ಯಾವ್ ಇನ್‌ಅಡಿಕ್ವೇಟ್ ಕಾಪೀಸ್ ಆಫ್ ದ ಫಾರ್ಮ್.
4. ದ ನ್ಯೂ ಸೂಪರ್‌ವೈಸರ್ ಈಸ್ ಇನ್‌ಅಡಿಕ್ವೇಟ್.

ಯಾವುದು ಸರಿ, ಯಾವುದು ತಪ್ಪು, ಯಾಕೆ? ಮುಂದೆ ಬರಬೇಕಾದ್ದು ‘ಟು’ನಾ ‘ಫಾರ್’ನಾ ಎಂಬುದನ್ನೂ ತಿಳಿಸಿ.

ಅಕ್ಷರಮಿತ್ರ:

ಎರಡೂ ಪದಕ್ಕೆ ‘ಸಾಲದು’ ಅಂದರೆ ತಪ್ಪಿಲ್ಲ. ಆದರೆ ಒಂದೊಂದು ಪದ ಒಂದೊಂದು ಪ್ರಶ್ನೆಗೆ ಉತ್ತರ. ಇನ್‌ಸಫಿಶಿಯೆಂಟ್ ಎಂದ ಕೂಡಲೇ ‘ಎಷ್ಟು ಕಡಿಮೆ ಬಿತ್ತು?’ ಎಂದು ಕೇಳಬಹುದು. ಇನ್‌ಆ್ಯಡಿಕ್ವೆಟ್ ಎಂದರೆ ಕೇಳಬೇಕಾದ್ದು ‘ಯಾವ ಕೆಲಸಕ್ಕೆ ಸಾಲದು?’ ಎಂದು. ಮೊದಲನೆಯದಕ್ಕೆ ಪ್ರಮಾಣ ಮುಖ್ಯ; ಎರಡನೆಯದಕ್ಕೆ ಉದ್ದೇಶ, ಗುಣಮಟ್ಟ, ಯೋಗ್ಯತೆ ಎಲ್ಲವೂ ಸೇರುತ್ತವೆ. ಹಾಗಾಗಿ ಪ್ರಮಾಣ ಕಡಿಮೆಯಾದಾಗ ಎಷ್ಟೋ ಕಡೆ ಎರಡೂ ನಡೆಯುತ್ತವೆ. ಪ್ರಮಾಣ ಸರಿಯಿದ್ದೂ ಕೆಲಸಕ್ಕೆ ಬಾರದ್ದಾದರೆ ಇನ್‌ಆ್ಯಡಿಕ್ವೆಟ್ ಒಂದೇ ನಡೆಯುವುದು.

ನಿಮ್ಮ ಮೊದಲ ವಾಕ್ಯವನ್ನೇ ತೆಗೆದುಕೊಳ್ಳಿ. 100 ಲಕ್ಸ್ (ಬೆಳಕಿನ ಅಳತೆಯ ಮಾನ) ಬೆಳಕು ಬೇಕು ಎಂಬ ಮಾನದಂಡವಿದ್ದು ಮೀಟರಿನಲ್ಲಿ 60 ಬಂದರೆ ಇನ್‌ಸಫಿಶಿಯೆಂಟ್ ಅಚ್ಚುಕಟ್ಟಾದ ಪದ. ಮೀಟರಿನಲ್ಲಿ 120 ಬರುತ್ತಿದೆ, ಆದರೆ ದೀಪ ಕೋಣೆಯ ನಡುವೆ ಇರುವುದರಿಂದ ಕಪಾಟಿನ ಎದುರು ನಿಂತವರ ನೆರಳು ಲೇಬಲ್ ಮೇಲೆಯೇ ಬೀಳುತ್ತಿದೆ ಎಂದಾದರೆ ಬೆಳಕಿನ ಪ್ರಮಾಣ ಸಾಕಷ್ಟಿದೆ, ವ್ಯವಸ್ಥೆ ಸಾಲದು. ಅದು ಇನ್‌ಆ್ಯಡಿಕ್ವೆಟ್ ಲೈಟಿಂಗ್. ವರದಿ ಓದಿದವರು ಮೊದಲನೆಯದಕ್ಕೆ ಬಲ್ಬ್ ಬದಲಿಸುತ್ತಾರೆ, ಎರಡನೆಯದಕ್ಕೆ ದೀಪದ ಜಾಗ ಬದಲಿಸುತ್ತಾರೆ. ಪದ ತಪ್ಪಿದರೆ ರಿಪೇರಿಯೂ ತಪ್ಪುತ್ತದೆ.

ಎರಡನೆಯ ವಾಕ್ಯ ಅಪ್ಪಟ ಕನ್ನಡದ ಪ್ರಭಾವ. ‘ಇದು ನನಗೆ ಸಾಲದು’ ಎನ್ನುವಾಗಿನ ‘ಗೆ’ ಪ್ರತ್ಯಯ ‘ಟು ಮಿ’ ಆಗಿ ಇಳಿದಿದೆ. ಇಂಗ್ಲಿಷಿನಲ್ಲಿ ‘ಸೀಮ್ಸ್ ಇನ್‌ಆ್ಯಡಿಕ್ವೆಟ್ ಟು ಮಿ’ ಅಂದರೆ ‘ನನ್ನ ಅಭಿಪ್ರಾಯದಲ್ಲಿ ಇದು ಸಾಲದು’ ಎಂದಾಗುತ್ತದೆ. ‘ನನ್ನ ಅಗತ್ಯಕ್ಕೆ ಸಾಲದು’ ಎಂದಾಗುವುದಿಲ್ಲ. ನಿಮ್ಮ ವಾಕ್ಯ ವ್ಯಾಕರಣಕ್ಕೆ ನಿಂತರೂ ಓದುಗ ಆ ಅಭಿಪ್ರಾಯದ ಅರ್ಥವನ್ನೇ ಹಿಡಿಯುತ್ತಾನೆ. ಅಗತ್ಯದ ಅರ್ಥ ಬೇಕಾದರೆ ‘ಇನ್‌ಆ್ಯಡಿಕ್ವೆಟ್ ಫಾರ್ ಮೈ ನೀಡ್ಸ್’ ಅಥವಾ ‘ಫಾರ್ ದ ವರ್ಕ್ ಐ ಡೂ’ ಎಂದು ಬರೆಯಿರಿ.

ಪ್ರಿಪೊಸಿಷನ್ ವಿಚಾರ: ವ್ಯಕ್ತಿ, ಬಳಕೆ, ಅಗತ್ಯ ಮುಂದೆ ಬಂದರೆ ‘ಫಾರ್’. ಅಭಿಪ್ರಾಯದ ‘ಟು ಮಿ’ ಬಿಟ್ಟರೆ ‘ಟು’ ಬರುವುದು ಎರಡು ಕಡೆ. ಒಂದು, ‘ಇನ್‌ಆ್ಯಡಿಕ್ವೆಟ್ ಟು ದ ಟಾಸ್ಕ್’ ಎಂಬಂಥ ನಿಂತ ನುಡಿಗಟ್ಟುಗಳಲ್ಲಿ, ಇದು ಸ್ವಲ್ಪ ಬರಹದ ಶೈಲಿ. ಇನ್ನೊಂದು, ಅದಾದ ಕೂಡಲೇ ಕ್ರಿಯಾಪದ ಬಂದಾಗ: ‘ಇನ್‌ಆ್ಯಡಿಕ್ವೆಟ್ ಟು ಮೀಟ್ ದ ಡಿಮಾಂಡ್’. ಅನುಮಾನ ಬಂದ ಕಡೆಯೆಲ್ಲ ‘ಫಾರ್’ ಹಾಕಿದರೆ ಎಡವುವುದು ಕಡಿಮೆ.

ಮೂರನೆಯದು ನಾಲ್ಕರಲ್ಲಿ ಹೆಚ್ಚು ಅಪಾಯದ್ದು, ಏಕೆಂದರೆ ತಪ್ಪು ಎಂದು ಕಾಣುವುದೇ ಇಲ್ಲ. ‘ಇನ್‌ಆ್ಯಡಿಕ್ವೆಟ್ ಕಾಪೀಸ್’ ಎಂದರೆ ಪ್ರತಿಗಳೇ ಸರಿಯಿಲ್ಲ, ಅಕ್ಷರ ಮಸುಕು, ಪುಟ ಕತ್ತರಿಸಿದೆ ಎಂಬ ಅರ್ಥದ ಕಡೆಗೆ ವಾಲುತ್ತದೆ. ಎಣಿಕೆಯಲ್ಲಿ ಕಡಿಮೆ ಎನ್ನಲು ‘ಟೂ ಫ್ಯೂ ಕಾಪೀಸ್’ ಅಥವಾ ‘ನಾಟ್ ಇನಫ್ ಕಾಪೀಸ್’ ಸಾಕು. ಗಂಭೀರವಾಗಿಯೇ ಇರಬೇಕೆಂದರೆ ‘ಇನ್‌ಸಫಿಶಿಯೆಂಟ್ ಕಾಪೀಸ್’ ಅಥವಾ ‘ಆ್ಯನ್ ಇನ್‌ಆ್ಯಡಿಕ್ವೆಟ್ ನಂಬರ್ ಆಫ್ ಕಾಪೀಸ್’. ‘ನಂಬರ್’, ‘ಅಮೌಂಟ್’ ನಡುವೆ ಬಂದರೆ ಇನ್‌ಆ್ಯಡಿಕ್ವೆಟ್ ಅದಕ್ಕೆ ಅಂಟಿಕೊಳ್ಳುತ್ತದೆ, ಪ್ರತಿಯ ಗುಣಕ್ಕಲ್ಲ.

ಇಲ್ಲೇ ಒಂದು ಪರೀಕ್ಷೆ ಹೇಳುತ್ತೇನೆ. ಮುಂದಿನ ನಾಮಪದ ಏಕವಚನದಲ್ಲಿದ್ದು ಎಣಿಸಬಹುದಾದ್ದೇ? ಬೀಗ, ಉತ್ತರ, ಏಣಿ, ಯೋಜನೆ? ಆಗ ಕೈ ಇನ್‌ಆ್ಯಡಿಕ್ವೆಟ್ ಕಡೆಗೆ ಹೋಗಲಿ. ‘ಆ್ಯನ್ ಇನ್‌ಆ್ಯಡಿಕ್ವೆಟ್ ಲಾಕ್’ ಎಂದರೆ ಬಾಗಿಲಿಗೆ ತಕ್ಕ ಗಟ್ಟಿತನವಿಲ್ಲದ ಬೀಗ. ‘ಆ್ಯನ್ ಇನ್‌ಸಫಿಶಿಯೆಂಟ್ ಲಾಕ್’ ಕಿವಿಗೆ ಒಡ್ಡೊಡ್ಡಾಗಿ ಕೇಳುತ್ತದೆ, ಒಂದು ಬೀಗದಲ್ಲಿ ಪ್ರಮಾಣ ಎಂಬುದೇ ಇಲ್ಲವಲ್ಲ. ‘ಫಂಡ್ಸ್, ಡೇಟಾ, ಎವಿಡೆನ್ಸ್, ಟೈಮ್, ಸ್ಪೇಸ್’ ಇಂಥವಕ್ಕೆ ಇನ್‌ಸಫಿಶಿಯೆಂಟ್ ಸಲೀಸು.

ನಾಲ್ಕನೆಯದನ್ನು ದಯವಿಟ್ಟು ಹೊಡೆದು ಹಾಕಿ. ಮನುಷ್ಯನ ಮುಂದೆ ಬರೀ ‘ಇನ್‌ಆ್ಯಡಿಕ್ವೆಟ್’ ನಿಲ್ಲಿಸಿದರೆ ‘ಈತನಿಗೆ ಯೋಗ್ಯತೆಯೇ ಇಲ್ಲ’ ಎಂದಂತೆ. ಬ್ರಿಟಿಷ್ ಇಂಗ್ಲಿಷಿನಲ್ಲಿ ‘ಆ್ಯನ್ ಇನ್‌ಆ್ಯಡಿಕ್ವೆಟ್’ ಎಂದು ನಾಮಪದವಾಗಿಯೇ ಬಳಸುವುದುಂಟು, ಬದುಕು ನಿಭಾಯಿಸಲಾರದ ವ್ಯಕ್ತಿ ಎಂಬ ತಾತ್ಸಾರದಲ್ಲಿ. ತನ್ನ ಬಗ್ಗೆ ತಾನೇ ‘ಐ ಫೆಲ್ಟ್ ಇನ್‌ಆ್ಯಡಿಕ್ವೆಟ್’ ಎಂದುಕೊಳ್ಳುವುದು ಬೇರೆ ಮಾತು. ಅದು ಕೀಳರಿಮೆಯ ಸಹಜ ವರ್ಣನೆ. ಬೇರೆಯವರ ಬಗ್ಗೆ ವರದಿ ಬರೆಯುವಾಗ ಯಾವುದರ ಕೊರತೆ ಎಂದು ಬಿಡಿಸಿ ಹೇಳಿ: ಅನುಭವವೇ, ತರಬೇತಿಯೇ, ಸಮಯವೇ.

ಉಚ್ಚಾರ:

ಮೇಲಿನ ಉತ್ತರದಲ್ಲಿ ಕಾಗುಣಿತ ತಾನಾಗಿ ಬದಲಾಗಿದ್ದನ್ನು ಗಮನಿಸಿದಿರಾ? ಅದು ‘ಕ್ವೇಟ್’ ಅಲ್ಲ. ಒತ್ತು ಬೀಳುವುದು ‘ಆ್ಯಡ್’ ಮೇಲೆ. ಕೊನೆಯ ಭಾಗ ತೇಲಿಸಿ, ‘ಕ್ವೆಟ್’ಗೂ ‘ಕ್ವಿಟ್’ಗೂ ನಡುವೆ. ‘ಸೆಪರೇಟ್’, ‘ಮಾಡರೇಟ್’, ‘ಎಸ್ಟಿಮೇಟ್’ ಇಂಥ ಪದಗಳು ಕ್ರಿಯಾಪದವಾದಾಗ ಕೊನೆಗೆ ದೀರ್ಘ ‘ಏಟ್’, ಗುಣವಾಚಕ ಅಥವಾ ನಾಮಪದವಾದಾಗ ಮೊಟಕು. ಆ್ಯಡಿಕ್ವೆಟ್‌ಗೆ ಈಗಿನ ಬಳಕೆಯಲ್ಲಿ ಕ್ರಿಯಾರೂಪವೇ ಇಲ್ಲ, ಹಾಗಾಗಿ ದೀರ್ಘ ಉಚ್ಚಾರಕ್ಕೆ ಎಡೆಯೇ ಇಲ್ಲ.

ಬರೆಯುವಾಗ: ‘ಡಿ’ ಅಕ್ಷರದ ನಂತರ ‘ಇ’ ಬರಬೇಕು. ‘ಐ’ ಅಥವಾ ‘ಎ’ ಹಾಕುವವರು ಬಹಳ. ಇದು ‘ಈಕ್ವಲ್’ನ ಮೊದಲಲ್ಲಿರುವ ‘ಇ’ಯೇ, ಎರಡೂ ಒಂದೇ ಲ್ಯಾಟಿನ್ ಮೂಲದವು. ಮುಂದೆ ‘ಅನ್’ ಸೇರಿಸಿ ‘ಅನ್‌ಆ್ಯಡಿಕ್ವೆಟ್’ ಎನ್ನುವುದೂ ಇಲ್ಲ.

ಕರಾರುಪತ್ರ:

ಆ ಲ್ಯಾಟಿನ್ ಮೂಲ ಬರೀ ಕಾಗುಣಿತಕ್ಕಲ್ಲ, ಅರ್ಥಕ್ಕೂ ಬೇಕು. ‘ಅಡ್’ ಎಂದರೆ ಕಡೆಗೆ, ‘ಏಕ್ವಸ್’ ಎಂದರೆ ಸಮ. ಒಂದಕ್ಕೆ ಸಮನಾಗಿಸಿದ್ದು ಆ್ಯಡಿಕ್ವೆಟ್. ಸಮಕ್ಕೆ ಬರದಿದ್ದರೆ ಇನ್‌ಆ್ಯಡಿಕ್ವೆಟ್. ಕಾನೂನಿನ ಇಂಗ್ಲಿಷ್ ಈ ಹಳೆಯ ಅರ್ಥವನ್ನು ಇನ್ನೂ ಬಿಟ್ಟಿಲ್ಲ.

ಇಂಗ್ಲಿಷ್ ಕರಾರು ಕಾನೂನಿನಲ್ಲಿ ಒಂದು ಸೂತ್ರವಿದೆ: ಪ್ರತಿಫಲ (ಕನ್ಸಿಡರೇಷನ್, ಅಂದರೆ ಪಡೆದದ್ದಕ್ಕೆ ಬದಲಾಗಿ ಕೊಡುವುದು) ‘ಸಫಿಶಿಯೆಂಟ್’ ಆಗಿರಬೇಕು, ‘ಆ್ಯಡಿಕ್ವೆಟ್’ ಆಗಿರಬೇಕಿಲ್ಲ. ದಿನಬಳಕೆಯ ಅರ್ಥ ಹಿಡಿದು ಓದಿದರೆ ತಲೆಬುಡ ತಿಳಿಯದು. ಇಲ್ಲಿ ಸಫಿಶಿಯೆಂಟ್ ಎಂದರೆ ಕಾನೂನಿನ ಕಣ್ಣಿಗೆ ಬೆಲೆಯುಳ್ಳದ್ದು, ಎಷ್ಟೇ ಚಿಕ್ಕದಿರಲಿ. ಆ್ಯಡಿಕ್ವೆಟ್ ಎಂದರೆ ಪಡೆದದ್ದರ ಬೆಲೆಗೆ ಸಮನಾದದ್ದು. 1842ರ ಥಾಮಸ್ ವಿರುದ್ಧ ಥಾಮಸ್ ಪ್ರಕರಣದಲ್ಲಿ ಮನೆಯೊಂದಕ್ಕೆ ವರ್ಷಕ್ಕೆ 1 ಪೌಂಡ್ ಬಾಡಿಗೆ ಕೊಡುವ ಮಾತೇ ಪ್ರತಿಫಲವೆಂದು ನಿಂತಿತು. 1960ರಲ್ಲಿ ವರದಿಯಾದ ಚಾಪೆಲ್ ವಿರುದ್ಧ ನೆಸ್ಲೆ ಪ್ರಕರಣ ಇನ್ನೂ ಸ್ವಾರಸ್ಯದ್ದು: 1 ಶಿಲಿಂಗ್ 6 ಪೆನ್ಸ್ ಜತೆಗೆ ಮೂರು ಚಾಕೊಲೇಟ್ ಹೊದಿಕೆ ಕಳಿಸಿದವರಿಗೆ ಗ್ರಾಮಫೋನ್ ತಟ್ಟೆ. ಬಂದ ಹೊದಿಕೆಗಳನ್ನು ಕಂಪನಿ ಬಿಸಾಡುತ್ತಿತ್ತು. ಆದರೂ ಅವು ಪ್ರತಿಫಲದ ಭಾಗವೇ ಎಂದು ಅಲ್ಲಿನ ಅಂದಿನ ಅತ್ಯುನ್ನತ ನ್ಯಾಯಪೀಠವಾದ ಹೌಸ್ ಆಫ್ ಲಾರ್ಡ್ಸ್ ಬಹುಮತದಿಂದ ತೀರ್ಮಾನಿಸಿತು.

ಆದ್ದರಿಂದ ಕರಾರಿನ ಕರಡಿನಲ್ಲಿ ‘ಇನ್‌ಆ್ಯಡಿಕ್ವೆಟ್ ಕನ್ಸಿಡರೇಷನ್’ ಕಂಡರೆ ಅದನ್ನು ‘ಇನ್‌ಸಫಿಶಿಯೆಂಟ್’ ಎಂದು ‘ಚಂದಗಾಣಿಸಲು’ ಹೋಗಬೇಡಿ. ಮೊದಲನೆಯದರಲ್ಲಿ ಬೆಲೆ ಕಡಿಮೆ, ಅಷ್ಟರಿಂದಲೇ ಕರಾರು ಬೀಳುವುದಿಲ್ಲ. ಎರಡನೆಯದರಲ್ಲಿ ಪ್ರತಿಫಲವೇ ಇಲ್ಲವೆಂದಂತೆ, ಕರಾರಿನ ಬುಡವೇ ಅಲುಗಾಡುತ್ತದೆ.

ಇನ್ನೊಂದು ಕಡೆ: ಐರೋಪ್ಯ ಒಕ್ಕೂಟದ ವೈಯಕ್ತಿಕ ದತ್ತಾಂಶ ಕಾನೂನು ಹೊರದೇಶಕ್ಕೆ ದತ್ತಾಂಶ ಕಳಿಸುವಾಗ ಅಲ್ಲಿ ‘ಆ್ಯಡಿಕ್ವೆಟ್’ ರಕ್ಷಣೆ ಇರುವುದನ್ನು ಅನುಮತಿಯ ಒಂದು ದಾರಿಯೆನ್ನುತ್ತದೆ. ಇದರ ಅರ್ಥವೇನೆಂದು 2015ರಲ್ಲಿ ಐರೋಪ್ಯ ನ್ಯಾಯಾಲಯವೇ ಬಿಡಿಸಿತು: ತದ್ರೂಪವಾಗಿರಬೇಕಿಲ್ಲ, ಆದರೆ ಸಾರದಲ್ಲಿ ಸಮಾನವಾಗಿರಬೇಕು. ಮತ್ತೆ ಅದೇ ‘ಸಮ’.

ಕರಡುತಿದ್ದು:

ಬೆಳಕು ಮೂಡಿತು, ಎಲ್ಲರಿಗೂ ವಂದನೆ. ಎರಡು ಉಪಪ್ರಶ್ನೆ. ಕಂಪ್ಯೂಟರ್ ಸಂದೇಶಗಳಲ್ಲಿ ಯಾವಾಗಲೂ ಇನ್‌ಸಫಿಶಿಯೆಂಟ್ ಎಂದೇ ಏಕಿರುತ್ತದೆ? ವೈದ್ಯಕೀಯ ವರದಿಯ ‘ಡೆಫಿಶಿಯೆಂಟ್’ ಇವೆರಡರಲ್ಲಿ ಯಾವ ಕಡೆ?

ಅಕ್ಷರಮಿತ್ರ:

ಯಾವಾಗಲೂ ಅಲ್ಲ, ಆದರೆ ಬಹುತೇಕ ಹೌದು. ಯಂತ್ರಕ್ಕೆ ಬೇಕಾದ್ದೆಷ್ಟು, ಇರುವುದೆಷ್ಟು ಎಂಬ ಲೆಕ್ಕ ಗೊತ್ತು. ಅಂತರ್ಜಾಲದ ಸಂವಹನ ನಿಯಮಾವಳಿಯಾದ ಎಚ್‌ಟಿಟಿಪಿಯ 507ನೇ ಸಂಕೇತ ‘ಇನ್‌ಸಫಿಶಿಯೆಂಟ್ ಸ್ಟೋರೇಜ್’. ಒರಾಕಲ್ ದತ್ತಸಂಚಯದ 01031ನೇ ದೋಷ ‘ಇನ್‌ಸಫಿಶಿಯೆಂಟ್ ಪ್ರಿವಿಲೇಜಸ್’. ಆದರೆ ಎಚ್‌ಟಿಟಿಪಿ ಎರಡನೆಯ ಆವೃತ್ತಿಯ ದೋಷಪಟ್ಟಿಯಲ್ಲಿ ‘ಇನ್‌ಆ್ಯಡಿಕ್ವೆಟ್ ಸೆಕ್ಯುರಿಟಿ’ ಎಂದಿದೆ, ಕನಿಷ್ಠ ಭದ್ರತೆಯ ಷರತ್ತುಗಳನ್ನು ಸಂಪರ್ಕ ಮುಟ್ಟಲಿಲ್ಲ ಎಂಬರ್ಥದಲ್ಲಿ. ಭದ್ರತೆ ಲೀಟರಿನಲ್ಲಿ ಅಳೆಯುವ ಸರಕಲ್ಲವಲ್ಲ.

ಸಾಫ್ಟ್‌ವೇರ್ ದೌರ್ಬಲ್ಯಗಳ ಸಿಡಬ್ಲ್ಯುಇ ಪಟ್ಟಿಯಲ್ಲಿ ಎರಡು ನಮೂದುಗಳನ್ನು ಅಕ್ಕಪಕ್ಕ ಇಟ್ಟು ನೋಡಿ: 326 ‘ಇನ್‌ಆ್ಯಡಿಕ್ವೆಟ್ ಎನ್‌ಕ್ರಿಪ್ಷನ್ ಸ್ಟ್ರೆಂತ್’, 331 ‘ಇನ್‌ಸಫಿಶಿಯೆಂಟ್ ಎಂಟ್ರೊಪಿ’. ಗೂಢಲಿಪಿಯ ಬಲವನ್ನೂ ಬಿಟ್‌ಗಳಲ್ಲಿ ಎಣಿಸಬಹುದು ನಿಜ. ಆದರೂ ಅಲ್ಲಿ ತೂಗುವುದು ಬೇಕಾದ ರಕ್ಷಣೆಯ ಮಟ್ಟಕ್ಕೆ ಆ ವಿಧಾನ ತಕ್ಕುದೇ ಎಂಬುದನ್ನು. ಎಂಟ್ರೊಪಿ ಎಂದರೆ ಊಹೆಗೆ ಸಿಗದ ಯಾದೃಚ್ಛಿಕತೆ; ಅದರ ಮಾತು ಬಂದರೆ ಬರೀ ಪ್ರಮಾಣ.

ತರ್ಕದಲ್ಲಂತೂ ಪರ್ಯಾಯವೇ ಇಲ್ಲ. ‘ನೆಸೆಸರಿ ಬಟ್ ಇನ್‌ಸಫಿಶಿಯೆಂಟ್’ ಎಂದರೆ ಅಗತ್ಯ ಷರತ್ತು ಹೌದು, ಅದೊಂದರಿಂದಲೇ ಫಲ ಬಾರದು. ಅಲ್ಲಿ ಇನ್‌ಆ್ಯಡಿಕ್ವೆಟ್ ಹಾಕಿದರೆ ಪಾರಿಭಾಷಿಕ ಅರ್ಥ ಕೆಡುತ್ತದೆ.

ಲ್ಯಾಬ್‌ಕೋಟ್:

ವೈದ್ಯಕೀಯಕ್ಕೆ ಬಂದರೆ ಮೇಲಿನ ನಿಯಮ ಅರ್ಧ ನಡೆಯುತ್ತದೆ, ಅರ್ಧ ನಡೆಯುವುದಿಲ್ಲ.

ಡೆಫಿಶಿಯೆಂಟ್ ಎಂದರೆ ಇರಲೇಬೇಕಾದ ನಿರ್ದಿಷ್ಟ ವಸ್ತುವೊಂದರ ಕೊರತೆ. ಅದರ ನಂತರ ‘ಇನ್’ ಬರಬೇಕು: ‘ಡೆಫಿಶಿಯೆಂಟ್ ಇನ್ ಐರನ್’. ಇನ್‌ಆ್ಯಡಿಕ್ವೆಟ್‌ನಂತೆ ‘ಫಾರ್’ ಹಾಕುವುದಿಲ್ಲ. ವಸ್ತುವಿನ ಹೆಸರನ್ನೇ ಮುಂದೆ ಜೋಡಿಸಿ ‘ಐರನ್-ಡೆಫಿಶಿಯೆಂಟ್’ ಎಂದೂ ಮಾಡಬಹುದು. ಇಲ್ಲೊಂದು ಮುಖ್ಯ ತಿರುವು: ಇನ್‌ಸಫಿಶಿಯೆಂಟ್ ಆಗುವುದು ಕಬ್ಬಿಣ, ಡೆಫಿಶಿಯೆಂಟ್ ಆಗುವುದು ಸಾಮಾನ್ಯವಾಗಿ ರೋಗಿ ಅಥವಾ ಆಹಾರ. ‘ದ ಐರನ್ ಈಸ್ ಡೆಫಿಶಿಯೆಂಟ್’ ಎಂದು ಬರೆದ ಕರಡು ಕಂಡರೆ ತಿದ್ದಿ.

ಡೆಫಿಶಿಯೆನ್ಸಿಯೂ ಇನ್‌ಸಫಿಶಿಯೆನ್ಸಿಯೂ ಒಂದೇ ವರದಿಯಲ್ಲಿ ಬೇರೆ ಬೇರೆ ಮಟ್ಟಗಳಾಗಿ ಬರುವುದೂ ಉಂಟು. ವಿಟಮಿನ್ ಡಿ ಬಗ್ಗೆ ಎಂಡೊಕ್ರೈನ್ ಸೊಸೈಟಿಯ 2011ರ ಮಾರ್ಗಸೂಚಿಯಲ್ಲಿ ರಕ್ತದ ಮಟ್ಟ ಮಿಲಿಲೀಟರಿಗೆ 20 ನ್ಯಾನೊಗ್ರಾಂಗಿಂತ ಕಡಿಮೆಯಾದರೆ ಡೆಫಿಶಿಯೆನ್ಸಿ, 21ರಿಂದ 29 ಇನ್‌ಸಫಿಶಿಯೆನ್ಸಿ ಎಂದಿತ್ತು. ಅದೇ ಸಂಸ್ಥೆ 2024ರಲ್ಲಿ ಆ ಗಡಿಗಳನ್ನು ಕೈಬಿಟ್ಟಿದೆ. ಆದರೂ ಹಳೆಯ ಬರಹ ಅನುವಾದಿಸುವಾಗ ಎರಡಕ್ಕೂ ‘ಕೊರತೆ’ ಎಂದು ಬರೆದರೆ ಎರಡು ಮಟ್ಟ ಒಂದಾಗಿ ಬಿಡುತ್ತವೆ. ಒಂದಕ್ಕೆ ‘ಕೊರತೆ’, ಇನ್ನೊಂದಕ್ಕೆ ‘ಸಾಕಷ್ಟಿಲ್ಲದ ಮಟ್ಟ’ ಎಂದು ಬಿಡಿಸಿ.

ನಿಯಮ ನಡೆಯದ ಕಡೆ ಅಂಗಾಂಗಗಳದ್ದು. ‘ಅಡ್ರಿನಲ್ ಇನ್‌ಸಫಿಶಿಯೆನ್ಸಿ’ ಎಂದರೆ ಗ್ರಂಥಿಗಳ ಸಂಖ್ಯೆ ಕಡಿಮೆ ಎಂದಲ್ಲ, ಅವು ಬೇಕಾದಷ್ಟು ಹಾರ್ಮೋನು ಸ್ರವಿಸುತ್ತಿಲ್ಲ ಎಂದು. ‘ಅಯೋರ್ಟಿಕ್ ಇನ್‌ಸಫಿಶಿಯೆನ್ಸಿ’ಯಲ್ಲಿ ಹೃದಯದ ಮಹಾಪಧಮನಿಯ ಕವಾಟ ಪೂರ್ತಿ ಮುಚ್ಚಿಕೊಳ್ಳದೆ ರಕ್ತ ಹಿಂದಕ್ಕೆ ಸೋರುತ್ತದೆ. ಕೆಲಸಕ್ಕೆ ಸಾಲದ ಸ್ಥಿತಿ ಇದು, ತರ್ಕಕ್ಕೆ ಇನ್‌ಆ್ಯಡಿಕ್ವೆಸಿ ಎನ್ನಬೇಕಿತ್ತು; ಆದರೆ ಹೆಸರು ನಿಂತುಬಿಟ್ಟಿದೆ, ಮುಟ್ಟುವಂತಿಲ್ಲ.

ಪೋಷಣೆಯ ಪಟ್ಟಿಗಳಲ್ಲಿ ಎರಡೂ ಪದ ಕೈಕೈ ಹಿಡಿದು ಬರುವುದೊಂದು ತಮಾಷೆ. ಅಮೆರಿಕದ ಪೋಷಕಾಂಶ ಪ್ರಮಾಣಗಳಲ್ಲಿ ಶಿಫಾರಸು ಪ್ರಮಾಣ ಗೊತ್ತುಮಾಡಲು ಸಾಕ್ಷ್ಯ ಇನ್‌ಸಫಿಶಿಯೆಂಟ್ ಆದಾಗ ಕೊಡುವ ಅಂಕಿಗೆ ‘ಆ್ಯಡಿಕ್ವೆಟ್ ಇನ್‌ಟೇಕ್’ ಎಂದು ಹೆಸರು.

ಮೌಲ್ಯಮಾಪಕ:

ಅಕ್ಷರಮಿತ್ರ ಅವರ ‘ಯಾವ ಕೆಲಸಕ್ಕೆ’ ಸೂತ್ರಕ್ಕೆ ಒಂದು ತಕರಾರು. ಶ್ರೇಣಿ ಪಟ್ಟಿಗಳಲ್ಲಿ ಈ ಪದಕ್ಕೆ ‘ಯಾವ ಕೆಲಸಕ್ಕೆ’ ಎಂಬ ಬಾಲವೇ ಇರುವುದಿಲ್ಲ. ಇಂಗ್ಲೆಂಡಿನ ಶಾಲಾ ತಪಾಸಣೆಯಲ್ಲಿ ಆಫ್‌ಸ್ಟೆಡ್ ಬಳಸುತ್ತಿದ್ದ ನಾಲ್ಕು ಶ್ರೇಣಿ ಔಟ್‌ಸ್ಟ್ಯಾಂಡಿಂಗ್, ಗುಡ್, ರಿಕ್ವೈರ್ಸ್ ಇಂಪ್ರೂವ್‌ಮೆಂಟ್, ಇನ್‌ಆ್ಯಡಿಕ್ವೆಟ್. ಮೂರನೆಯದರ ಹೆಸರು 2012ರವರೆಗೆ ‘ಸ್ಯಾಟಿಸ್‌ಫ್ಯಾಕ್ಟರಿ’. ಸರ್ಕಾರಿ ಶಾಲೆಗಳಿಗೆ ಒಂದೇ ಪದದ ಒಟ್ಟು ತೀರ್ಪು ಕೊಡುವುದನ್ನು 2024ರ ಸೆಪ್ಟೆಂಬರಿನಿಂದ ನಿಲ್ಲಿಸಿದರು. ಅಂಥ ಕಡೆ ಇದನ್ನು ‘ಸ್ವಲ್ಪ ಸಾಲದು’ ಎಂದು ಅನುವಾದಿಸಿದರೆ ಘೋರ ತಪ್ಪು. ಅದು ತಳದ ಶ್ರೇಣಿ, ‘ಅನುತ್ತೀರ್ಣ’ಕ್ಕೆ ಹತ್ತಿರ.

ಇದರ ಮಗ್ಗುಲಲ್ಲೇ ‘ಆ್ಯಡಿಕ್ವೆಟ್’ನ ಗುಟ್ಟೂ ಇದೆ. ನಿಘಂಟಿನಲ್ಲಿ ‘ಸಾಕಷ್ಟು, ತಕ್ಕ’ ಎಂದಿದ್ದರೂ ಶಿಫಾರಸು ಪತ್ರದಲ್ಲಿ ‘ಹಿಸ್ ವರ್ಕ್ ವಾಸ್ ಆ್ಯಡಿಕ್ವೆಟ್’ ಎಂದು ಬರೆದರೆ ಓದುವವರಿಗೆ ‘ಹೇಗೋ ನಡೀತು’ ಎಂದು ಕೇಳಿಸುತ್ತದೆ. ಹೊಗಳಬೇಕೆಂದಿದ್ದರೆ ಆ ಪದ ಬೇಡ.

ಒತ್ತು ಕೊಡುವ ಕ್ರಿಯಾವಿಶೇಷಣಗಳ ಬಗ್ಗೆಯೂ ಯಾರೂ ಹೇಳಲಿಲ್ಲ. ‘ವೆರಿ ಇನ್‌ಆ್ಯಡಿಕ್ವೆಟ್’ ವಿರಳ. ಜೋಡಿ ಕೂಡುವುದು ‘ಹೋಲ್ಲಿ, ಟೋಟಲಿ, ಗ್ರಾಸ್ಲಿ, ಹೋಪ್‌ಲೆಸ್ಲಿ’. ‘ವೋಫುಲಿ ಇನ್‌ಆ್ಯಡಿಕ್ವೆಟ್’ ಪತ್ರಿಕೆಗಳಲ್ಲಿ ಸವೆದು ಸವಕಲಾಗಿದೆ. ನನ್ನ ಕೈಗೆ ಬಂದರೆ ಹೊಡೆದು ಹಾಕುತ್ತೇನೆ. ‘ವೆರಿ ಲೆಸ್’ ಎಂಬುದಂತೂ ‘ತುಂಬಾ ಕಡಿಮೆ’ಯ ನೇರ ಇಳಿಸುವಿಕೆ, ಇಂಗ್ಲಿಷಿನಲ್ಲಿ ‘ವೆರಿ ಲಿಟಲ್’ ಅಥವಾ ‘ಟೂ ಲಿಟಲ್’.

ಅಕ್ಷರಮಿತ್ರ:

ತಕರಾರು ಒಪ್ಪಿದೆ. ಶ್ರೇಣಿಯಲ್ಲಿ ಮಾನದಂಡ ಪಟ್ಟಿಯೊಳಗೇ ಅಡಗಿರುವುದರಿಂದ ‘ಫಾರ್’ ಹೇಳಬೇಕಾಗುವುದಿಲ್ಲ ಅಷ್ಟೇ.

ನುಡಿಗನ್ನಡಿ:

ಕನ್ನಡಕ್ಕೆ ತರುವವರಿಗೆ ನಾಲ್ಕು ಮಾತು. ‘ಅಪರ್ಯಾಪ್ತ’ ನಿಘಂಟಿನಲ್ಲಿ ಕುಳಿತಿರಲಿ, ಮಾತಿನಲ್ಲಿ ಯಾರೂ ಆಡುವುದಿಲ್ಲ. ‘ಅಸಮರ್ಪಕ’ ಒಳ್ಳೆಯ ಪದ, ಗುಣ ಕೆಟ್ಟದ್ದಕ್ಕೆ ಹೊಂದುತ್ತದೆ: ಅಸಮರ್ಪಕ ಕಾಮಗಾರಿ, ಅಸಮರ್ಪಕ ನಿರ್ವಹಣೆ. ಆದರೆ ಇನ್‌ಆ್ಯಡಿಕ್ವೆಟ್ ಕಂಡ ಕಡೆಯೆಲ್ಲ ಅದನ್ನೇ ಒತ್ತಿದರೆ ಪ್ರಮಾಣದ ಅರ್ಥ ಕಳೆದುಹೋಗುತ್ತದೆ. ‘ಇನ್‌ಆ್ಯಡಿಕ್ವೆಟ್ ಸ್ಲೀಪ್’ ಎಂಬುದನ್ನು ‘ಅಸಮರ್ಪಕ ನಿದ್ರೆ’ ಎಂದರೆ ನಗು ಬರುತ್ತದೆ. ‘ನಿದ್ದೆ ಸಾಲದು’, ‘ನಿದ್ದೆಗೇಡು’, ‘ಅರೆನಿದ್ದೆ’ ಇವುಗಳಲ್ಲಿ ಸಂದರ್ಭ ಯಾವುದನ್ನು ಬೇಡುತ್ತದೋ ಅದು. ಇಂಗ್ಲಿಷಿನ ಗುಣವಾಚಕ ಕನ್ನಡದಲ್ಲೂ ಗುಣವಾಚಕವೇ ಆಗಬೇಕೆಂದಿಲ್ಲ; ‘ಸಾಲದು’, ‘ಎಟುಕದು’, ‘ಏತಕ್ಕೂ ಬಾರದು’ ಎಂದು ಕ್ರಿಯೆಯಾಗಿಸಿದರೆ ವಾಕ್ಯ ಸಲೀಸು. ‘ಇನ್‌ಆ್ಯಡಿಕ್ವೆಟ್‌ಲಿ ವೆಂಟಿಲೇಟೆಡ್ ರೂಮ್’ ಎಂದರೆ ‘ಗಾಳಿ ಸರಿಯಾಗಿ ಆಡದ ಕೋಣೆ’.

ಸೋದರ ಪದಗಳಲ್ಲಿ ‘ಸ್ಕ್ಯಾಂಟ್’ ನಾಮಪದದ ಮುಂದೆಯೇ ಬರುವುದು ವಾಡಿಕೆ, ಅದೂ ಅಮೂರ್ತ ಸಂಗತಿಗಳಿಗೆ: ‘ಸ್ಕ್ಯಾಂಟ್ ಅಟೆನ್ಷನ್’, ‘ಸ್ಕ್ಯಾಂಟ್ ರಿಗಾರ್ಡ್’. ಕೊಡಬೇಕಾದಷ್ಟು ಗಮನ ಕೊಟ್ಟಿಲ್ಲ ಎಂಬ ಆಕ್ಷೇಪ ಅದರಲ್ಲೇ ಇದೆ. ‘ಮೀಗರ್’ ಬಡಕಲು: ಸಂಬಳ, ಊಟ, ಫಸಲು. ‘ಪಾಲ್ಟ್ರಿ’ಯಲ್ಲಿ ಬರೆದವನ ಮೂಗು ಮುರಿತ ಸೇರಿಕೊಂಡಿದೆ, ಕನ್ನಡದ ‘ಪುಡಿಗಾಸು’ ಇದ್ದಂತೆ. ತಟಸ್ಥ ವರದಿಗೆ ಸಲ್ಲದು.

ಕರಡುತಿದ್ದು:

ತಿದ್ದಿದ ವಾಕ್ಯಗಳು ಹೀಗಿವೆ. 1: ‘ಲೈಟಿಂಗ್ ಈಸ್ ಇನ್‌ಆ್ಯಡಿಕ್ವೆಟ್ ಫಾರ್ ರೀಡಿಂಗ್ ದ ಲೇಬಲ್ಸ್’. 2: ‘ದಿಸ್ ಟ್ರೇನಿಂಗ್ ಈಸ್ ಇನ್‌ಆ್ಯಡಿಕ್ವೆಟ್ ಫಾರ್ ಮೈ ನೀಡ್ಸ್’. 3: ‘ವಿ ಡೋಂಟ್ ಹ್ಯಾವ್ ಇನಫ್ ಕಾಪೀಸ್’. 4: ‘ದ ನ್ಯೂ ಸೂಪರ್‌ವೈಸರ್ ಈಸ್ ಇನ್‌ಆ್ಯಡಿಕ್ವೆಟ್‌ಲಿ ಟ್ರೇನ್ಡ್’. ಅದೇ ವರದಿಯಲ್ಲಿ ‘ಇನ್‌ಆ್ಯಡಿಕ್ವೆಟ್ ಫೈರ್ ಎಕ್ಸಿಟ್ಸ್’ ಎಂದೂ ಇದೆ; ಕಟ್ಟಡದಲ್ಲಿ ತುರ್ತು ಬಾಗಿಲು ಒಂದೂ ಇಲ್ಲ. ಇದು ಸರಿಯೇ?

ಅಕ್ಷರಮಿತ್ರ:

ಮೊದಲ ಮೂರು ಸರಿ. ನಾಲ್ಕನೆಯದು ವ್ಯಾಕರಣಕ್ಕೂ ಮರ್ಯಾದೆಗೂ ಸರಿ, ಆದರೆ ಈಗ ಬೊಟ್ಟು ತರಬೇತಿ ಕೊಟ್ಟವರ ಕಡೆ ತಿರುಗಿದೆ; ಅದೇ ನಿಮ್ಮ ಉದ್ದೇಶವಾಗಿದ್ದರೆ ಹಾಗೇ ಇರಲಿ. ತರಬೇತಿಯನ್ನೇ ಕೊಟ್ಟಿಲ್ಲವಾದರೆ ‘ಹ್ಯಾಸ್ ನಾಟ್ ಬೀನ್ ಟ್ರೇನ್ಡ್’.

ತುರ್ತು ಬಾಗಿಲಿನದು ಇದೇ ಕಾರಣಕ್ಕೆ ತಪ್ಪು. ಇನ್‌ಆ್ಯಡಿಕ್ವೆಟ್ ಎಂದರೆ ಏನೋ ಒಂದು ಇದೆ, ಅದು ಮಟ್ಟಕ್ಕೆ ಬರುತ್ತಿಲ್ಲ ಎಂದರ್ಥ. ಸೊನ್ನೆಗೆ ಆ ಪದವಿಲ್ಲ. ‘ಇನ್‌ಆ್ಯಡಿಕ್ವೆಟ್ ಫೈರ್ ಎಕ್ಸಿಟ್ಸ್’ ಎಂದು ಓದಿದವರು ಇರುವ ಬಾಗಿಲು ಅಗಲ ಮಾಡಿಸಿದರೆ ಸಾಕೆಂದುಕೊಳ್ಳುತ್ತಾರೆ. ‘ದೇರ್ ಆರ್ ನೋ ಫೈರ್ ಎಕ್ಸಿಟ್ಸ್’ ಎಂದೇ ಬರೆಯಿರಿ. ಬಾಗಿಲಿದ್ದು ಸಾಲದಿದ್ದರೆ ಸಂಖ್ಯೆ, ಅಗಲ, ದೂರ ಇವುಗಳಲ್ಲಿ ಯಾವುದು ಸಾಲದು ಎಂಬುದನ್ನು ಅಂಕಿಯೊಂದಿಗೆ ಪಕ್ಕದಲ್ಲೇ ನಮೂದಿಸಿ.